ಹಬೆಯೊಳಗಿಂದ ಒಂದು ‘ಓ’

ಆ ಬೆಟ್ಟದೂರಿನ ಬಿಸಿನೀರ ಬುಗ್ಗೆಗೆ ಯಾರೂ ತಣ್ಣೀರು ಬೆರೆಸುವುದಿಲ್ಲ. ಬೆರೆಸಿದರೆ ನೀರಿನ ಗುಣ ಹೋಗುತ್ತದೆ. ಉದ್ದನೆಯ ಹಲಗೆಗಳಿಂದ ಕದಡಿ ಕದಡಿ, ಮೈ ತಾಳುವಷ್ಟಕ್ಕೆ ಕಾವು ಇಳಿಸುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಇಳಿದು, ಕುತ್ತಿಗೆಯವರೆಗೆ ಮುಳುಗಿ, ಮೂರು ನಿಮಿಷ ಅಲುಗಾಡದೆ ಕೂರಬೇಕು. ಒಬ್ಬಳು ಕೈ ಆಡಿಸಿದರೂ ಪಕ್ಕದವಳ ಮೈ ಸುಡುತ್ತದೆ.

ಹೆಂಗಸರ ಕೊಳದ ದಂಡೆಯಲ್ಲಿ ನಿಂತು ಹೊತ್ತು ಕೂಗುವವಳು ಕಿನುಯೊ. ಕಡಲ ಕಡೆಯಿಂದ ಸೊಸೆಯಾಗಿ ಬಂದಾಗ ಅವಳ ಕೈತುಂಬ ಇಸುಬು. ಅದನ್ನು ವಾಸಿ ಮಾಡಿದ್ದು ಈ ನೀರು, ಕೆಲಸ ಕಲಿಸಿದ್ದು ಅತ್ತೆ. ಕೂಗುವುದು ದೊಡ್ಡದಲ್ಲ, ಓಗೊಟ್ಟಿದ್ದನ್ನು ಕೇಳಿಸಿಕೊಳ್ಳುವುದು ದೊಡ್ಡದು ಎನ್ನುತ್ತಿದ್ದಳು ಅತ್ತೆ. ಪ್ರತಿ ಕೂಗಿಗೂ ನೀರಲ್ಲಿದ್ದವರೆಲ್ಲ ‘ಓ’ ಎನ್ನಬೇಕು. ಹಾಗೆ ಎನ್ನದವಳು ಎಚ್ಚರ ತಪ್ಪಿದ್ದಾಳೆ ಎಂದೇ ಅರ್ಥ.

ಕಿನುಯೊಗೆ ಮೊದಲು ಜೀರುಂಡೆಯ ಸದ್ದು ಹೋಯಿತು, ಆಮೇಲೆ ಕುದಿಯುವ ಕೆಟಲಿನ ಸಿಳ್ಳೆ, ಆಮೇಲೆ ‘ಓ’ ಕೂಡ. ಯಾರಿಗೂ ಹೇಳಲಿಲ್ಲ. ‘ಓ’ ಎಂದವಳ ಎದೆ ಕಂಪಿಸಿ ಕುತ್ತಿಗೆಯ ಸುತ್ತ ನೀರಿನಲ್ಲಿ ಸಣ್ಣದೊಂದು ಬಳೆ ಏಳುತ್ತದೆ. ಅವಳು ಆ ಬಳೆಗಳನ್ನು ನೋಡತೊಡಗಿದಳು. ಕೊಕ್ಕರೆ ಮೀನು ನೋಡೋ ಹಾಗೆ ನಮ್ಮ ಕತ್ತು ನೋಡ್ತೀಯಲ್ಲೇ ಎಂದು ಸೋಬಾ ಶಾವಿಗೆ ಅಂಗಡಿಯ ತೊಕಿ ಛೇಡಿಸುತ್ತಿದ್ದಳು.

ಚಳಿ ಕಚ್ಚಿದ ಆ ಬೆಳಿಗ್ಗೆ ಚಾವಣಿಯ ಹಬೆಕಿಂಡಿ ಹಿಮಗಟ್ಟಿ ತೆರೆಯಲಿಲ್ಲ. ಸ್ವಲ್ಪ ಕಾಯೋಣವೇ ಅಕ್ಕಾ ಎಂದು ಹಲಗೆ ಹಿಡಿದಿದ್ದ ಇಕುಮಿ ಕೇಳಿದಳು. ಹೆಂಗಸರು ಆಗಲೇ ತಲೆಗೆ ನೀರು ಹೊಯ್ದುಕೊಂಡು ಬೆತ್ತಲೆ ನಡುಗುತ್ತಿದ್ದರು.

“ಇನ್ನೂ ಕಾದ್ರೆ ನಾನಿಲ್ಲೇ ಒಣಮೀನಾಗ್ತೀನಿ,” ಎಂದಳು ತೊಕಿ. ಮಳೆಗಾಲದ ಕೊನೆಗೆ ಆಸ್ಪತ್ರೆಯಲ್ಲಿ ಎದೆ ಕೊಯ್ಯಿಸಿಕೊಂಡು ಬಂದವಳು ಅವಳು.

ಕಾಯೋಣವೆಂದರೆ ಏಕೆಂದು ಹೇಳಬೇಕಾಗುತ್ತಿತ್ತು. ಕಿನುಯೊ ಇಳಿಯಲು ಕೂಗಿದಳು. ತಲೆಗಳೆಲ್ಲ ಹಬೆಯಲ್ಲಿ ಕರಗಿದವು.

ಮೊದಲ ಕೂಗಿಗೆ ಹತ್ತಿರದ ಎರಡು ಕುತ್ತಿಗೆಗಳ ಸುತ್ತ ಬಳೆ ಎದ್ದದ್ದು ಕಂಡಿತು. ತೊಕಿ ಕೂತಿದ್ದ ಆಚೆ ಮೂಲೆ ಬರೀ ಬಿಳುಪು. ಕಿನುಯೊ ಮಂಡಿಯೂರಿ, ಮುಖ ನೀರಿಗೆ ತಾಗುವಷ್ಟು ಬಾಗಿ, ಇನ್ನೊಮ್ಮೆ ಕೂಗಿದಳು. ಬಿಳುಪೇ. ಇಕುಮಿ ಪಕ್ಕದಲ್ಲೇ ನಿಂತಿದ್ದಳು. ತೊಕಿ ಓ ಅಂದಳೇ ಎಂದು ಒಂದು ಮಾತು ಕೇಳಿದರೆ ಸಾಕಿತ್ತು. ಅದೊಂದನ್ನು ಬಿಟ್ಟು ಬೇರೆ ದಾರಿ ಹುಡುಕುತ್ತ ಕಿನುಯೊ ಎಷ್ಟು ಹೊತ್ತು ಹಾಗೇ ಇದ್ದಳೋ, ಬೆವರು ಗಲ್ಲದಿಂದ ನೀರಿಗೆ ತೊಟ್ಟಿಕ್ಕಿತು.

“ಏಳಿ. ಎಲ್ಲಾ ಮೇಲೇಳಿ, ಈಗಲೇ.”

ಹೊತ್ತಿಗೆ ಮುಂಚಿನ ಕೂಗು. ಗಾಬರಿಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆಗೆ ಎದ್ದರು, ಕದಡಿದ ನೀರು ಎಲ್ಲರ ಮೈಯನ್ನೂ ಸುಟ್ಟಿತು. ಕೊನೆಗೆ ಹಬೆ ಸೀಳಿಕೊಂಡು ಬಂದವಳು ತೊಕಿ, ಬೇಯಿಸಿದ ಏಡಿಯಷ್ಟು ಕೆಂಪಗೆ.

“ಏನಾಯ್ತೇ ನಿಂಗೆ? ಓ ಅಂದೆನಲ್ಲ ನಾನು.”

ಕಿನುಯೊ ಆ ತುಟಿಗಳನ್ನು ಓದಿಕೊಂಡಳು.

“ನಂಗೆ ಕೇಳಿಸ್ಲಿಲ್ಲ ತೊಕಿ. ಯಾರದೂ ಕೇಳ್ಸಲ್ಲ. ಎರಡು ವರ್ಷ ಆಯ್ತು.”

ತೊಕಿ ಮಣೆಯ ಮೇಲೆ ಕುಸಿದು ಎದೆಯ ಗಾಯದ ಗೆರೆಯ ಮೇಲೆ ಕೈಯಿಟ್ಟುಕೊಂಡಳು.

“ನನ್ನ ಬಸುರಿ ಸೊಸೇನ ನಿನ್ನ ನಂಬಿ ಈ ನೀರಲ್ಲಿ ಕೂರಿಸಿದ್ದೆನಲ್ಲೇ,” ಎಂದವಳು ಮೈ ಕೂಡ ಒರೆಸದೆ ಹೊರಟುಹೋದಳು.

ಮರುದಿನ ದಂಡೆಯ ಮೇಲೆ ಇಕುಮಿ ನಿಂತಳು. ಕಿನುಯೊ ಬರಲಾರಳೆಂದುಕೊಂಡಿದ್ದರು, ಬಂದಳು, ತಲೆಗೆ ನೀರು ಹೊಯ್ದುಕೊಂಡು ಎಲ್ಲರ ಜೊತೆ ಇಳಿದಳು. ಉಳಿದಿದ್ದ ಜಾಗ ತೊಕಿಯ ಪಕ್ಕದ್ದು. ತೊಕಿ ಅವಳತ್ತ ನೋಡಲಿಲ್ಲ. ಜಾಗವನ್ನೂ ಬದಲಿಸಲಿಲ್ಲ.

ಇಕುಮಿ ಕೂಗಿದಳು, ಕಿನುಯೊಗೆ ಕಾಣಲೆಂದು ಹಲಗೆಯನ್ನೂ ಎತ್ತಿದಳು. ತನ್ನ ದನಿ ತನಗೇ ಕೇಳದವಳು ಎಷ್ಟು ಜೋರಾಗಿ ಓಗೊಡಬೇಕೆಂದು ಯಾರು ಹೇಳಬೇಕು? ಕಿನುಯೊಳ ‘ಓ’ಗೆ ಕಿಟಕಿಯ ಗಾಜು ಅದುರಿತು, ಆಚೆ ಗಂಡಸರ ಕೊಳದಿಂದಲೂ ಯಾರೋ ಓಗೊಟ್ಟರು.

ನಕ್ಕರೆ ನೀರು ಕದಡುತ್ತದೆ, ಕದಡಿದರೆ ಎಲ್ಲರಿಗೂ ಸುಡುತ್ತದೆ. ತೊಕಿ ತುಟಿ ಕಚ್ಚಿ ನೇರ ಮುಂದಕ್ಕೆ ನೋಡುತ್ತ ಕೂತಿದ್ದಳು. ಅವಳ ಕುತ್ತಿಗೆಯ ಸುತ್ತ ಬಳೆಯ ಮೇಲೆ ಬಳೆ ಏಳುತ್ತಿದ್ದುದನ್ನು ಕಿನುಯೊ ನೋಡಿದಳು.