ಲಾರಿ ದಾಟುವಷ್ಟು ಹೊತ್ತು

ನೆಲ ಒರೆಸುವ ಬಟ್ಟೆ ಹಳತಾಯಿತೆಂದು ನಮ್ಮ ಮನೆಯವರು ಮೊನ್ನೆ ನನ್ನ ಬಿಳಿ ಅಂಗಿಯೊಂದನ್ನು ಹರಿಯಲು ತೆಗೆದಿದ್ದರು. ಕೊರಳಪಟ್ಟಿಯ ಮಡಿಕೆಯಲ್ಲಿ ಕೆಂಪು ಕಲೆ. ಹೆಂಡತಿ ಕೇಳಬಹುದಾದ ಪ್ರಶ್ನೆ ಅವಳು ಕೇಳಲಿಲ್ಲ. ಅದು ಅದಿರಿನ ಧೂಳೆಂದು ಅವಳಿಗೂ ಗೊತ್ತು. ಬಳ್ಳಾರಿಯಲ್ಲಿ ಗಣಿಯ ಭರಾಟೆ ನಡೆದ ವರ್ಷಗಳಲ್ಲಿ ಭಾನುವಾರಕ್ಕೆಂದೇ ಎತ್ತಿಟ್ಟಿದ್ದ ಅಂಗಿ ಅದು. ಆಗ ಅದಿರಿನಿಂದ ಕೆಲವರಿಗೆ ಕಾರು ಬಂತು, ಕೆಲವರಿಗೆ ಬಂಗಲೆ ಬಂತು. ಹೆಲಿಕಾಪ್ಟರಿನ ಸದ್ದಿಗೆ ತಲೆಯೆತ್ತುವುದನ್ನು ಮಕ್ಕಳೂ ಬಿಟ್ಟಿದ್ದರು. ನನ್ನ ಪಾಲಿಗೆ ಬಂದದ್ದು ಈ ಕಲೆ ಮತ್ತು ಒಂದು ಕೆಮ್ಮು. ಕೆಮ್ಮು ಹೋಯಿತು.

ವಾರವಿಡೀ ನಾನು ಅಂಚೆ ಕಚೇರಿಯ ಗುಮಾಸ್ತ, ಭಾನುವಾರ ಉಪದೇಶಿ. ನಮ್ಮ ಕಡೆ ಇದೇನೂ ವಿಚಿತ್ರವಲ್ಲ. ಹಳ್ಳಿಗಳಲ್ಲಿ ಹತ್ತಿಪ್ಪತ್ತು ಮನೆಯವರು ಕೂಡುವ ಸಣ್ಣ ಚರ್ಚುಗಳಿವೆ; ಅಯ್ಯನವರು, ಎಂದರೆ ದೀಕ್ಷೆ ಪಡೆದ ಪಾದ್ರಿ, ಇಡೀ ಸೀಮೆಗೆ ಒಬ್ಬರು. ಅವರು ಕುರುಗೋಡಿನಲ್ಲಿದ್ದರೆ ರೂಪನಗುಡಿಯವರಿಗೆ ಸಿಗುವುದಿಲ್ಲ. ಹಾಗಾಗಿ ನನ್ನಂಥವರು ಬಸ್ಸು ಹಿಡಿದು ಹೋಗಿ, ಪ್ರಸಂಗ, ಎಂದರೆ ಬೈಬಲಿನ ಉಪದೇಶ, ಮಾಡಿ, ಸರದಿಯ ಮನೆಯಲ್ಲಿ ಉಂಡು ಬರುವುದು ರೂಢಿ. ಊಟ ಚೆನ್ನಾಗಿರುವ ಹಳ್ಳಿಯಿಂದ ಕರೆ ಬಂದರೆ ದೇವರ ಚಿತ್ತ ನನಗೆ ಬೇಗ ತಿಳಿಯುತ್ತಿತ್ತು.

ಹಾಗೆ ಹೋಗುವವರಿಗೆ ತರಬೇತಿ ಇತ್ತು; ಕಲಿಯುತ್ತಲೇ ಹಳ್ಳಿಗೆ ಹೋಗಿಬರುತ್ತಿದ್ದೆವು, ಪೂರ್ತಿ ಅನುಮತಿ ಪರೀಕ್ಷೆ ಪಾಸಾದ ಮೇಲೆ. ಶನಿವಾರ ಮಧ್ಯಾಹ್ನ ಕಂಟೋನ್ಮೆಂಟಿನ ಕಡೆಯ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಸಮಾಧಾನಪ್ಪ ಅಯ್ಯನವರು ನಮಗೆ ಪಾಠ ಮಾಡುತ್ತಿದ್ದರು. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿರಲಿಲ್ಲ. ಪ್ರಸಂಗಕ್ಕೆ ಮೂರು ಅಂಶ, ಒಂದು ಉದಾಹರಣೆ, ಕೊನೆಗೆ ಒಂದು ಕರೆ. ನಡುವೆ ನಿಂತರೆ ಜನ ಮಲಗುತ್ತಾರೆ ಎಂಬುದು ಅವರ ಸಿದ್ಧಾಂತ. "ಉದಾಹರಣಿ ಕಣ್ಣ ಮುಂದಿಂದು ಇರ್ಲಿ" ಎಂದರು. ನಮ್ಮ ಕಣ್ಣ ಮುಂದೆ ಇದ್ದದ್ದು ಒಂದೇ. ಸಿರುಗುಪ್ಪದ ಅಕ್ಕಿ ಗಿರಣಿಯ ಫಿಟರ್ ಒಬ್ಬ ಪಾಪವನ್ನು ಓವರ್‌ಲೋಡ್ ಆದ ಅದಿರು ಲಾರಿಗೆ ಹೋಲಿಸಿದ. ಚೆನ್ನಾಗಿತ್ತು. ನಾನೂ ಹೋಲಿಸಿದೆ. ಎಲ್ಲರೂ ಹೋಲಿಸಿದರು. ಆ ವರ್ಷ ಇಡೀ ಸೀಮೆಯ ಪಾಪಗಳೆಲ್ಲ ಲಾರಿಯಲ್ಲೇ ಓಡಾಡಿದವು. ಕಡೆಗೆ ಕುರುಗೋಡಿನ ಹಿರಿಯರೊಬ್ಬರು, "ಸರ, ಬರೋ ವಾರ ಎತ್ತಿನ ಬಂಡ್ಯಾಗರ ಬರ್ರಿ" ಎಂದು ಕೈಮುಗಿದರು.

ನಮ್ಮ ತರಗತಿಯಲ್ಲಿದ್ದ ಒಬ್ಬಳೇ ಹೆಂಗಸು ಕರುಣಮ್ಮ. ಕುಡತಿನಿ ದಾಟಿದ ಮೇಲೆ ರಸ್ತೆಗೆ ಅಂಟಿಕೊಂಡ ಒಂದು ಹಳ್ಳಿಯವಳು. ಜಾಕೀಟು, ಎಂದರೆ ರವಿಕೆ, ಹೊಲಿಯುವುದು ಕಸುಬು, ವಯಸ್ಸು ಐವತ್ತರ ಆಸುಪಾಸು. ಪರೀಕ್ಷೆಯ ಪ್ರಸಂಗದ ದಿನ ಎದ್ದು ನಿಂತು, ಬೈಬಲಿನಲ್ಲಿ ಬರುವ, ಮನೆ ಬಿಟ್ಟುಹೋದ ಮಗನ ಕಥೆ ಎತ್ತಿಕೊಂಡು, "ಮಗ ಹೋದ ಮ್ಯಾಲೆ ಅಪ್ಪಗ ಉಣ್ಣಾಕ ಮನಸಾಗಲಿಲ್ಲ" ಎಂದಳು. ನಿಂತಳು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ನಾವು ತಲೆ ತಗ್ಗಿಸಿದೆವು.

"ಮುಂದ?" ಎಂದರು ಅಯ್ಯನವರು.

"ಮುಂದ ನೀವು ಹೇಳಬೇಕಲ್ರಿ."

ಅಯ್ಯನವರು ಅದನ್ನು ಮರೆವೆಂದು ತಿಳಿದರೋ ಉದ್ಧಟತನವೆಂದೋ, ಅಂತೂ ಫೇಲು ಮಾಡಿದರು.

ಅಂದು ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದೆ. ಸಮಾಧಾನ ಹೇಳಲು ಹೋಗಿ, ಬಿಡಮ್ಮ, ಪ್ರಸಂಗ ಮಾಡೋಕೆ ನಾವಿದ್ದೇವಲ್ಲ ಎಂದೆ. ಆಗ ಅವಳು ಗಂಡನ ಮಾತು ತೆಗೆದಳು. ಹಿಂದಿನ ಬೇಸಿಗೆಯಲ್ಲಿ ಅವನು ತೀರಿಕೊಂಡಾಗ ಸಮಾಧಾನಪ್ಪನವರು ಬಸ್ಸು ಹತ್ತಿದ್ದರಂತೆ. ಬಸ್ಸು ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿ ಅಲ್ಲಾಡಲಿಲ್ಲ. ಬಿಸಿಲು, ಹೆಣ ಇಟ್ಟುಕೊಳ್ಳುವಂತಿಲ್ಲ. ಅನುಮತಿ ಇಲ್ಲದವರು ಸಮಾಧಿಯ ಮುಂದೆ ಬಾಯಿ ಬಿಡಬಾರದೆಂಬುದು ಆ ಸಭೆಯ ಕಟ್ಟುಪಾಡು. ಊರಿಗೂರೇ ಸುತ್ತ ನಿಂತು, ಒಂದು ಮಾತೂ ಆಡದೆ, ಮಣ್ಣು ಹಾಕಿ ಬಂತು.

"ಅಯ್ಯನವರದೇನ್ ತಪ್ಪಿಲ್ರಿ, ಬಸ್ಸಿಗೆ ರೆಕ್ಕಿ ಇರ್ತಾವೇನು? ಆದ್ರ ನಾಯಿನ್ನ ಹುಗದಂಗ ಹುಗದ್ವಿ ನನ್ನ ಮನುಷ್ಯಾನ್ನ. ಇನ್ನೊಬ್ರಿಗೆ ಹಂಗಾಗಬಾರ್ದು. ನನಗ ಆ ಅನುಮತಿ ಒಂದು ಬೇಕ್ರಿ" ಎಂದಳು.

ಅವಳ ಮಾತು ಅಯ್ಯನವರಿಗೆ ಮುಟ್ಟಿಸಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿ, ಅವಳ ಊರಲ್ಲೇ ಇನ್ನೊಮ್ಮೆ ಕೇಳೋಣ ಎಂದರು. ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಹೋದರು.

ಅದು ರಸ್ತೆಯ ಮಗ್ಗುಲಲ್ಲೇ ಇರುವ, ತಗಡು ಹೊದಿಸಿದ ಒಂದೇ ಕೋಣೆಯ ಚರ್ಚು. ಅಲ್ಲಿ ನಾನು ಹಿಂದೆ ಪ್ರಸಂಗ ಮಾಡಿದ್ದೆ. ಲಾರಿ ಬಂದಾಗಲೆಲ್ಲ ಅದಕ್ಕಿಂತ ಜೋರಾಗಿ ಕೂಗಿ ಗಂಟಲು ಹರಿದುಕೊಂಡಿದ್ದೆ, ಗೆದ್ದದ್ದು ಲಾರಿ. ಕರುಣಮ್ಮ ಕೂಗಲಿಲ್ಲ. ಅದೇ ಮಗನ ಕಥೆಯ ಮೊದಲ ಮಾತು ಹೇಳಿದಳು. ಲಾರಿ ಬಂತು, ತಗಡು ನಡುಗಿತು, ಅವಳು ಸುಮ್ಮನೆ ನಿಂತಳು. ಆ ಸದ್ದಿನಲ್ಲಿ ಎದುರಿನವರ ಮಾತು ಕೇಳುವುದಿಲ್ಲ, ಕಿವಿಗೆ ಬಾಯಿ ಹಚ್ಚಿದ ಪಕ್ಕದವರದು ಮಾತ್ರ ಕೇಳುತ್ತದೆ. ಚಾಪೆಯ ಮೇಲಿದ್ದವರೆಲ್ಲ ಇಬ್ಬಿಬ್ಬರಾಗಿ ತಲೆಗೆ ತಲೆ ಕೂಡಿಸಿ ಆ ಮಾತಿನ ಬಗ್ಗೆಯೇ ಹರಟತೊಡಗಿದರು. ಲಾರಿ ದಾಟಿತು. "ಏನಂದ್ರಿ?" ಎಂದಳು ಕರುಣಮ್ಮ. ಒಬ್ಬೊಬ್ಬರು ಹೇಳಿದರು. ಅವಳು ಎರಡನೆಯ ಮಾತಿಗೆ ಹೋದಳು, ಮತ್ತೊಂದು ಲಾರಿ ಬಂತು. ಬಳ್ಳಾರಿಯಿಂದ ಬರುವ ನಮ್ಮಂಥವರಿಗೆ ಕಾದು ಕಾದು, ಹೊತ್ತು ಕಳೆಯಲು ಅವರು ರೂಢಿಸಿಕೊಂಡ ಪದ್ಧತಿ ಅದು. ನಮ್ಮ ಪ್ರಸಂಗ ಎಷ್ಟು ಕೇಳಿದ್ದರೂ, ಅವಳ ಪಾಲಿಗೆ ನಿಜವಾದ ಪ್ರಸಂಗವೆಂದರೆ ಇದೇ.

ಎರಡನೆಯ ಲಾರಿಯ ಹೊತ್ತಿಗೆ ಒಬ್ಬ ಮುದುಕಿ ಅಯ್ಯನವರ ಕಿವಿಗೆ ಬಾಯಿ ಹಚ್ಚಿ ಏನೋ ಕೇಳಿದಳು. ಅವರು ಹಿಂದೆ ಮುಂದೆ ನೋಡಿ, ಅವಳ ಕಿವಿಗೆ ಏನೋ ಹೇಳಿದರು. ಲಾರಿ ದಾಟಿದ ಮೇಲೆ ಮುದುಕಿ ಎದ್ದು ನಿಂತು ಸಭೆಗೆ ವರದಿ ಒಪ್ಪಿಸಿದಳು: "ಅಯ್ಯನವರ ಮಗಾನೂ ಮಾತು ಬಿಟ್ಟಾನಂತ. ಪೋನ್ ಮಾಡಿದ್ರ ಎತ್ತಂಗಿಲ್ಲಂತ."

"ಅಯ್ಯೋ, ಪಾಪ!" ಎಂದಿತು ಸಭೆ.

ಅಯ್ಯನವರು ಕೆಂಪಗಾದರು. ನಾನು ತಗಡನ್ನು ನೋಡುತ್ತ ಕುಳಿತೆ. ಹಳ್ಳಿಯವರು ತಮ್ಮ ತಮ್ಮ ಮಕ್ಕಳ ಸಂಗತಿ ಹೇಳಿಕೊಂಡರು, ಫೋನನ್ನು ಯಾವ ಹೊತ್ತಿಗೆ ಮಾಡಿದರೆ ಎತ್ತುತ್ತಾರೆಂದು ಸಲಹೆ ಕೊಟ್ಟರು. ವಾಪಸು ಬರುವಾಗ ನಮ್ಮ ಬಸ್ಸು ಲಾರಿ ಸಾಲಿನಲ್ಲಿ ನಿಂತಿತು. ಅಯ್ಯನವರು ಬಹಳ ಹೊತ್ತಿನ ಮೇಲೆ, "ಮೂರು ಅಂಶ ಇರ್ಲಿಲ್ಲ" ಎಂದರು. ಇನ್ನಷ್ಟು ಹೊತ್ತಿನ ಮೇಲೆ, "ಪಾಸ್" ಎಂದರು.

ಕೆಲವು ವರ್ಷಕ್ಕೆ ಗಣಿ ನಿಂತಿತು, ಲಾರಿಯೂ ನಿಂತಿತು. ಕರುಣಮ್ಮ ಒಂದು ಮಾತು ಹೇಳಿ ಸುಮ್ಮನಾದರೆ ಈಗ ಜನಕ್ಕೆ ನಾಚಿಕೆ. ಆಡಿದ್ದೆಲ್ಲ ಎಲ್ಲರಿಗೂ ಕೇಳುತ್ತದಲ್ಲ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲವಂತೆ. "ನೀನೇ ಮುಂದಕ್ಕ ಹೇಳಬಾರ್ದೇನು?" ಎಂದು ನಾನು ಕೇಳಿದ್ದಕ್ಕೆ, "ಲಾರಿ ಬರ್ಲಿ ಬಿಡ್ಲಿ, ನಾ ನಿಂದ್ರತೀನ್ರಿ" ಎಂದಳು. ಅವಳು ನಿಂತೇ ನಿಂತಳು. ಜನ ಸೋತು ಮಾತಾಡಿದರು. ಈ ನಡುವೆ ಆ ಊರಿನ ಎಷ್ಟೋ ಜನರನ್ನು ಅವಳೇ ಮಾತು ಹೇಳಿ ಮಣ್ಣಿಗೆ ಕಳಿಸಿದಳು.

ಕಳೆದ ತಿಂಗಳು ಕರುಣಮ್ಮ ತೀರಿಕೊಂಡಳು. ಸಮಾಧಾನಪ್ಪನವರು ಅದಕ್ಕೂ ಮೊದಲೇ ತೀರಿಹೋಗಿದ್ದರು, ಹಾಗಾಗಿ ನನ್ನನ್ನು ಕರೆದರು. ರಸ್ತೆ ಖಾಲಿ. ಹೇಳಿದ ಹೊತ್ತಿಗೆ ಮುಂಚೆಯೇ ತಲುಪಿದೆ. ಮೂರು ಅಂಶ ಸಿದ್ಧಮಾಡಿಕೊಂಡಿದ್ದೆ, ಉದಾಹರಣೆಯೂ ಇತ್ತು. ಸಮಾಧಿಯ ಮುಂದೆ ನಿಂತು, "ಕರುಣಮ್ಮ ನಮಗೆಲ್ಲ ಬೇಕಾದವಳಾಗಿದ್ದಳು" ಎಂದೆ. ದುಃಖವಾಗಿತ್ತು, ಅಷ್ಟೇ. ಒಂದು ಗಳಿಗೆ ಸುಧಾರಿಸಿಕೊಳ್ಳೋಣವೆಂದು ನಿಂತೆ.

ಜನ ಪಕ್ಕದವರ ಕಡೆಗೆ ತಿರುಗಿದರು.

ಆಮೇಲೆ ನನಗೆ ಸರದಿ ಸಿಗಲಿಲ್ಲ. ಒಬ್ಬಳು ಮದುವೆಯ ಜಾಕೀಟು ಹೊಲಿಸಿಕೊಂಡದ್ದು ಹೇಳಿದಳು. ಒಬ್ಬ, ತಾನು ಕುಡಿದು ಬಂದ ಭಾನುವಾರ ಅವಳು ತನ್ನನ್ನೇ ನೋಡುತ್ತ ನಿಂತದ್ದು ಹೇಳಿದ. ಅತ್ತರು, ಒಂದೆರಡು ಸಲ ನಕ್ಕರು. ಬಿಸಿಲು ನೆತ್ತಿಗೇರಿತು. ಗುಂಡಿ ತೋಡಿದ ಹುಸೇನಸಾಬ್ ಸಲಿಕೆ ಊರಿಕೊಂಡು ಕಾದು ಕಾದು ನನ್ನ ಹತ್ತಿರ ಬಂದ. "ಸರ, ಹೊತ್ತಾತು. ಇವ್ರು ಮುಗಸಂಗ ಕಾಣಂಗಿಲ್ಲ."

"ಇನ್ನೇನು, ಮುಗೀತು" ಎಂದೆ.

"ಹಂಗಾದ್ರ ಜರಾ ತಡೀರಿ" ಎಂದು ಅವನು ಸಲಿಕೆ ಕೆಳಗಿಟ್ಟ. "ನಂದೂ ಒಂದ್ ಮಾತೈತಿ."

ಬರುವ ಭಾನುವಾರ ರೂಪನಗುಡಿಯಲ್ಲಿ ನನ್ನ ಸರದಿ. ಅಲ್ಲಿ ಯಾವ ಕಾಲಕ್ಕೂ ಅದಿರು ಲಾರಿ ಬಂದದ್ದಿಲ್ಲ, ಆ ಜನಕ್ಕೆ ಈ ಪದ್ಧತಿಯೂ ಗೊತ್ತಿಲ್ಲ. ಒಂದು ಮಾತು ಹೇಳಿ ನಿಲ್ಲಬೇಕೆಂದಿದ್ದೇನೆ. ಇಷ್ಟು ವರ್ಷ ಮಾತಾಡಿದವನು ನಾನು; ಯಾವುದಕ್ಕೂ ಇರಲಿ ಎಂದು ಮೂರು ಅಂಶವನ್ನೂ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.