ಮೇಲಿನಿಂದ ಹುಯ್ದ ನೀರು

ಮಕ್ಕಳೇ, ದೊಡ್ಡಬಳ್ಳಾಪುರದಲ್ಲಿ ಮೊದಲ ಬೆಳಿಗ್ಗೆ ನನಗೆ ಎಚ್ಚರವಾದಾಗ ನೆಲ ಅದುರುತ್ತಿತ್ತು. ಗೋಡೆಗೆ ಒರಗಿಸಿದ್ದ ತಟ್ಟೆ ಸಣ್ಣಗೆ ಕುಣಿಯುತ್ತಿತ್ತು. ನಿಮ್ಮ ಅಮ್ಮನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಮನೆಯೊಡತಿ ರಂಗಮ್ಮ ನಕ್ಕರು.

"ಕರೆಂಟ್ ಮಗ್ಗ ಕಣಮ್ಮ. ಅದು ನಿಂತ್ರೆ ಹೆದರ್ಕೋಬೇಕು."

ನಂದಗುಡಿ ಕಡೆಯ ನಮ್ಮೂರಲ್ಲಿ ಬೆಳಗಾಗುತ್ತಿದ್ದುದು ರಾಗಿಕಲ್ಲಿನ ಸದ್ದಿಗೆ. ನಿಮ್ಮ ತಾತ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಭಾರವಾಗಿರಲು ಮನಸ್ಸಾಗದೆ ಈ ಊರಿಗೆ ಬಂದೆ. ಆಗ ಎರಡನೇ ಮಹಾಯುದ್ಧದ ಕಾಲ. ರಂಗಮ್ಮನವರ ಹಿತ್ತಲ ಕೋಣೆ ಬಾಡಿಗೆಗೆ ಸಿಕ್ಕಿತು, ಅವರ ಜಗಲಿಯಲ್ಲೇ ಕಂಡಿಕೆ ಸುತ್ತುವ ಕೆಲಸವೂ ಸಿಕ್ಕಿತು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಗೆ ಇಲ್ಲಿ ಕಂಡಿಕೆ ಎನ್ನುತ್ತಾರೆ. ಹಳ್ಳಿಯಲ್ಲಿ ಹಾಡುತ್ತಾ ಕಳೆ ಕೀಳುತ್ತಿದ್ದೆವು. ಇಲ್ಲಿ ಮಗ್ಗದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಮಾತಾಡಲು ನಾಚುವ ನನಗೆ ಅದೇ ಒಂದು ಅನುಕೂಲವಾಯಿತು.

ಜಗಲಿ ಹತ್ತದೆ, ಮೆಟ್ಟಿಲ ಕೆಳಗೆ ಕೂತು ನೂಲು ಸುತ್ತುತ್ತಿದ್ದವಳು ಮುನಿಯಮ್ಮ. ಜೀತದಿಂದ ಬಿಡಿಸಿಕೊಂಡು ಗಂಡನೊಡನೆ ಊರು ಬಿಟ್ಟು ಬಂದವಳು. ಬಾಯಾರಿದರೆ ಅವಳು ಬೊಗಸೆ ಒಡ್ಡಬೇಕು. ರಂಗಮ್ಮ ಚೊಂಬು ತಾಗದಂತೆ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಇದೊಂದು ಮಾತ್ರ ನಮ್ಮೂರಿನ ಹಾಗೆಯೇ ಇತ್ತು. ನೂಲು ಬಿಟ್ಟು ಬೇರೆ ಏನನ್ನಾದರೂ ಅವಳಿಗೆ ಮುಟ್ಟಿಸಿದರೆ ಕೋಣೆ ಖಾಲಿ ಮಾಡಬೇಕೆಂದು ರಂಗಮ್ಮ ಮೊದಲೇ ಹೇಳಿದ್ದರು. ಮಗು ಕಟ್ಟಿಕೊಂಡ ನನಗೆ ಬೇರೆ ಸೂರಿರಲಿಲ್ಲ.

ಮಧ್ಯಾಹ್ನ ಮಗ್ಗ ನಿಂತಾಗ ರಂಗಮ್ಮನವರ ಭಾವ, ಪೆನ್ಷನ್ ಆದ ಮೇಷ್ಟ್ರು, ನಮಗೆ ಲೋಕದ ಸಂಗತಿ ಹೇಳುತ್ತಿದ್ದರು. ಒಂದು ದಿನ ಅಮೆರಿಕದ ಗುಲಾಮರ ವಿಷಯ ಬಂತು. ಜನರನ್ನು ಹಡಗಿನಲ್ಲಿ ತುಂಬಿ ತಂದು ಹತ್ತಿ ಹೊಲಗಳಿಗೆ ಮಾರುತ್ತಿದ್ದರಂತೆ. ನೂಲು ಹಿಡಿದಿದ್ದ ನನ್ನ ಕೈ ನಿಂತಿತು. ಎಲ್ಲರೂ ಸಮ ಎಂದು ಬರೆದುಕೊಂಡ ದೇಶವಂತೆ ಅದು. ಆಮೇಲೆ ಅವರವರಲ್ಲೇ ಯುದ್ಧವಾಗಿ ಗುಲಾಮರಿಗೆ ಬಿಡುಗಡೆಯಾಯಿತಂತೆ. ಆದರೂ ಎಷ್ಟೋ ಕಡೆ ಕಪ್ಪು ಜನರಿಗೆ ಕುಡಿಯುವ ನಲ್ಲಿ ಬೇರೆಯೇ ಅಂತೆ.

"ಬಿಡುಗಡೆ ಆದ್ಮ್ಯಾಕೂ ನೀರು ಬ್ಯಾರೇನಾ ಸ್ವಾಮಿ?" ಎಂದಳು ಮುನಿಯಮ್ಮ.

"ಸಮ ಅಂತ ಬರೆದಾಗ ಅವರನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲಮ್ಮ. ಆಮೇಲೆ ಮಾರೋದು ನಿಂತ್ರೆ ಸಾಕು, ಅದೇ ಸಮ ಅಂದ್ರು. ಈಗ ಅವರು ಒಂದೇ ನಲ್ಲಿ ಬೇಕು ಅಂತಿದ್ದಾರೆ."

ನಾನು ಎದ್ದು ಕೋಣೆಯಿಂದ ನನ್ನ ಚೊಂಬು ತುಂಬಿ ತಂದೆ. ಮುನಿಯಮ್ಮನ ಪಕ್ಕದಲ್ಲಿಟ್ಟು, ಬಗ್ಗಿ ಬೊಗಸೆ ಒಡ್ಡಿದೆ.

"ಹುಯ್ಯವ್ವ, ಬಾಯಾರೈತೆ."

ಅವಳು ರಂಗಮ್ಮನವರ ಬಾಗಿಲ ಕಡೆ ನೋಡಿದಳು. ಆಮೇಲೆ ಚೊಂಬು ಎತ್ತಿ, ಕೈ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಎತ್ತರದಿಂದ ಹುಯ್ದಳು. ನೀರು ಮೊಣಕೈವರೆಗೆ ಹರಿದು ಸೀರೆ ನೆನೆಯಿತು.

"ಒಸಿ ಕೆಳಗೆ ಇಡ್ಕೊಳೇ, ಸ್ನಾನ ಮಾಡುಸ್ತೀಯಾ ನಂಗೆ?"

ಅವಳು ನಕ್ಕದ್ದನ್ನು ನಾನು ಕೇಳಿದ್ದು ಅಂದೇ ಮೊದಲು. ಚೊಂಬನ್ನು ನನ್ನ ಬೊಗಸೆಯ ಹತ್ತಿರಕ್ಕೆ ಇಳಿಸಿದಳು.

ರಂಗಮ್ಮ ಹೊಸಿಲ ಮೇಲೆ ನಿಂತಿದ್ದರು. "ಆ ಚೊಂಬು ನಮ್ಮ ಬಾವಿಗೆ ಇಳೀಕೂಡ್ದು" ಎಂದಷ್ಟೇ ಹೇಳಿ ಒಳಗೆ ಹೋದರು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ನಾನು ಕೋಣೆ ಖಾಲಿ ಮಾಡಿದೆ. ಸಂಜೆಯೊಳಗೆ ಊರಾಚೆ ಮುನಿಯಮ್ಮನ ಸಾಲಿನಲ್ಲೇ ಒಂದು ಗುಡಿಸಲು ಸಿಕ್ಕಿತು. ನಿಮ್ಮ ಅಮ್ಮ ಬೆಳೆದದ್ದು ಅಲ್ಲೇ.

ಸುಗ್ಗಿಗೆ ಅಣ್ಣನ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಅತ್ತಿಗೆ ಪ್ರೀತಿಯಿಂದಲೇ ಮಾತಾಡಿಸಿದರು, ಜಗಲಿಯ ಮೇಲೆ ಚಾಪೆ ಹಾಸಿದರು. ನೀರು ಕೇಳಿದೆ. ಚೊಂಬು ಕೈಗೆ ಕೊಡಲಿಲ್ಲ, ಮೇಲಿನಿಂದ ಹುಯ್ದರು. ಬೊಗಸೆ ಒಡ್ಡಿ ಕುಡಿದೆ. ನೀರು ಮಾತ್ರ ನಾನು ಹುಟ್ಟಿದಂದಿನಿಂದ ಕುಡಿದ ಬಾವಿಯದೇ. ಇಷ್ಟು ವರ್ಷ ಇಲ್ಲಿದ್ದರೂ ಆ ರುಚಿಯ ನೀರು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.