ಅತ್ತೆಯ ಬೆನ್ನಿಗೆ ಎಣ್ಣೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರಲು ನಮ್ಮತ್ತೆಯ ಎದೆ ಸೀಳಬೇಕಾಯಿತು.

ಹೃದಯದ ಆಪರೇಷನ್ ಮುಗಿಸಿಕೊಂಡು ಕೊರಟಗೆರೆಯ ಮನೆಗೆ ಬಂದ ಮೇಲೆ ಅವರಿಗೆ ಎದೆಗಿಂತ ಬೆನ್ನು, ಭುಜಗಳೇ ಹೆಚ್ಚು ನೋಯುತ್ತಿದ್ದವು. ಗಾಯಕ್ಕೆ ಹೆದರಿ ಮೈ ಮುದುಡಿಕೊಂಡೇ ಕೂರುತ್ತಿದ್ದರು. ಗಾಯದ ಹತ್ತಿರ ಹೋಗದೆ, ಜೋರಾಗಿ ಒತ್ತದೆ, ಹಗುರವಾಗಿ ನೀವಬಹುದು ಎಂದು ಡಾಕ್ಟರು ಒಪ್ಪಿದರು. ಹೇಗೆಂದು ಫಿಜಿಯೋಥೆರಪಿಯವರು ತೋರಿಸಿಕೊಟ್ಟಿದ್ದು ನನಗೆ. ಹೆತ್ತ ಮಗಳು ಭಯವೆಂದು ಹಿಂದೆ ಸರಿದಿದ್ದಳು.

ನನಗೆ ತಾಯಿಯಿಲ್ಲ, ಬಾಣಂತನ ಅತ್ತೆಮನೆಯಲ್ಲೇ ಆಯಿತು. ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ಯಲು ಪಕ್ಕದ ಮನೆಯ ಅಜ್ಜಿ ತಾನಾಗಿ ಬಂದರೆ, ಇದೇ ಅತ್ತೆ ನೆಂಟರೆದುರು, "ಹೆಣ್ ಹೆತ್ತೋಳ್ಗೆ ಎಂಥಾ ಎಣ್ಣೆ ನೀರು? ಓಗಮ್ಮ" ಎಂದು ಬಾಗಿಲಿಂದಲೇ ಕಳಿಸಿದ್ದರು. ಆ ಸೊಂಟನೋವು ಇವತ್ತಿಗೂ ನನ್ನ ಜೊತೆಗಿದೆ. ನೆಂಟರೆದುರೇ ಅವರ ಬಾಯಿಂದ ತಪ್ಪಾಯಿತೆಂದು ಬರಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಹಾಗಾಗಿ ಬಹಳ ಚೆನ್ನಾಗಿ ನೀವಿದೆ. ದಿಂಬಿನ ಮೇಲೆ ಬಾಗಿಸಿ ಕೂರಿಸಿ, ಅಂಗೈ ಬೆಚ್ಚಗೆ ಮಾಡಿಕೊಂಡು, ಕತ್ತಿನಿಂದ ಕೆಳಕ್ಕೆ ನಿಧಾನವಾಗಿ. ಅವರ ಉಸಿರು ಸಡಿಲವಾದ ಹೊತ್ತಿಗೆ ಕಿವಿಯ ಬಳಿ ಕೇಳುತ್ತಿದ್ದೆ: "ಅತ್ತೆ, ನನ್ ಬಾಣಂತನದಾಗೆ ನಂಗ್ಯಾರು ಎಣ್ಣೆ ತಿಕ್ಕಿದ್ರು?" ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಾರನೆಯ ದಿನ ಮತ್ತೆ ಕೇಳುತ್ತಿದ್ದೆ.

ಒಂದು ಶುಕ್ರವಾರ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗಿ ಬಂದ ಶಿರಾದ ನಾದಿನಿ, ಅತ್ತೆಯ ತಂಗಿ ಎಲ್ಲ ಸುತ್ತ ಕೂತಿದ್ದರು. "ನಿನ್ ಸೊಸೆ ಕೈಗುಣ ಬಲೇ ಚೆನ್ನಾಗದೆ ಬುಡಕ್ಕ" ಎಂದರು ತಂಗಿ.

ಅತ್ತೆ ದಿಂಬಿನಿಂದ ತಲೆ ಎತ್ತಲಿಲ್ಲ. "ಇವ್ಳು ಬಾಣಂತಿ ಆಗಿದ್ದಾಗ ಎಣ್ಣೆ ತಿಕ್ಕಾಕ್ ಬಂದೋಳ್ನ ನಾನೇ ಓಡಿಸ್ಬುಟ್ಟೆ ಕಣೇ. ತಪ್ಪಾಗೋಯ್ತು" ಎಂದರು.

ಸುಳ್ಳೇಕೆ ಹೇಳಲಿ, ನನಗೆ ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಎಲ್ಲರೂ ಹೋದ ಮೇಲೆ ಅತ್ತೆ ಎಣ್ಣೆ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. "ತಿರಿಕ್ಕಂಡ್ ಕುಂತ್ಕಮ್ಮ. ನಿನ್ ಸೊಂಟಕ್ಕೆ ವಸಿ ಅಚ್ತೀನಿ."

ನಾನು ಬಟ್ಟಲು ಎತ್ತಿಕೊಂಡೆ. "ಬ್ಯಾಡ ಅತ್ತೆ. ನಿಮ್ ಎದೆ ಮೂಳೆ ಇನ್ನೂ ಕೂಡಿಲ್ಲ" ಎಂದೆ.

ಮೂಳೆ ಕೂಡಿ ಎಷ್ಟೋ ಕಾಲವಾಯಿತು. ಅವರು ಈಗಲೂ ಕರೆಯುತ್ತಾರೆ. ನಾನು ಇನ್ನೂ ಕೂತಿಲ್ಲ.